ಕೆಂಪು ಕಿವಿಯ ಶನಿವಾರಗಳು

ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ಮೊದಲು ಹುಡುಕಿದ್ದು ಫೋಟೊ ಅಲ್ಲ, ಹಸಿರು ರಟ್ಟಿನ ಒಂದು ಸ್ಕೋರ್ ಪುಸ್ತಕ. ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ೨ ಅಕ್ಟೋಬರ್ ೧೯೭೧, ಶನಿವಾರ ಎಂದಿದೆ. ಲೆಕ್ಕವಿರುವ ಕೊನೆಯ ಪುಟದಲ್ಲಿ ೧೪ ಅಕ್ಟೋಬರ್ ೧೯೭೨, ಅದೂ ಶನಿವಾರ. ನಡುವೆ ನಲವತ್ತು ಶನಿವಾರಗಳ ರಮ್ಮಿ ಆಟದ ಲೆಕ್ಕ. ಕೆಲವು ಪುಟಗಳ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆದ ಪುಟ್ಟ ಪುಟ್ಟ ಕಿವಿಗಳಿವೆ. ಆ ಕಿವಿಗಳೆಲ್ಲ ಅವರದೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಕಟ್ಟಡಗಳ ನಕ್ಷೆ ತಯಾರಿಸುವ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಸೇತುವೆಯಿರಲಿ, ಗೋದಾಮಿರಲಿ, ಶಾಲೆಯಿರಲಿ, ನಕ್ಷೆಯ ಬಲಮೂಲೆಯ ಪುಟ್ಟ ಚೌಕದಲ್ಲಿ ಅವರದು ಎರಡೇ ಇನಿಷಿಯಲ್ ಇರುತ್ತಿತ್ತು. "ಅಷ್ಟು ಸಾಕಮ್ಮ. ಕಟ್ಟಡ ಬಿದ್ದರೆ ಹುಡುಕಿಕೊಂಡು ಬರ್ತಾರೆ, ನಿಂತರೆ ಯಾರೂ ಬರಲ್ಲ," ಎನ್ನುತ್ತಿದ್ದರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರು ನನ್ನನ್ನು ಚಿತ್ರಗುಪ್ತ ಎನ್ನುತ್ತಿದ್ದರು.

ಆ ಹೆಸರು ಬಂದದ್ದು ಮೊದಲ ಭೇಟಿಯಲ್ಲೇ. ಸಂಖ್ಯಾಶಾಸ್ತ್ರ ಓದಲು ಮ್ಯಾನ್‌ಹಟನ್ನಿಗೆ ಬಂದ ಹೊಸದರಲ್ಲಿ ನಾನು ಡೈರಿಯ ಹಿಂದಿನ ಪುಟದಲ್ಲಿ ಕನ್ನಡ ಮಾತಾಡದೆ ಕಳೆದ ದಿನಗಳನ್ನು ಎಣಿಸುತ್ತಿದ್ದೆ. ಒಂದು ಸಂಜೆ ನದಿಯ ಕೆಳಗೆ ಹೋಗುವ ರೈಲಿನಲ್ಲಿ ಕೂತು, ಬಂದ ತಾರೀಕು ಬರೆದು, ಅಲ್ಲಿಂದ ಕೂಡಿ, ಇಪ್ಪತ್ತಮೂರು ಎಂದು ಬರೆದೆ. ಪಕ್ಕದಲ್ಲಿ ನೇತಾಡುವ ಪಟ್ಟಿ ಹಿಡಿದು ನಿಂತಿದ್ದ, ಕೋಟು ತೊಟ್ಟ, ನಲವತ್ತೆಂಟು ಐವತ್ತರ ವಯಸ್ಸಿನವರೊಬ್ಬರು ಬಗ್ಗಿ, "ಇಪ್ಪತ್ನಾಲ್ಕು. ಆಗಸ್ಟ್‌ಗೆ ಮೂವತ್ತೊಂದು ದಿನ ಕಣಮ್ಮ," ಎಂದರು.

ನಾನು ಅವರ ಮುಖ ನೋಡಿದೆ. ತಪ್ಪು ಸರಿಪಡಿಸಬೇಕೋ, ಎಣಿಕೆಯನ್ನೇ ಹೊಡೆದುಹಾಕಬೇಕೋ ತಿಳಿಯಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ.

"ಇದೇನು ಎಲ್ಲಾನೂ ಬರ್ಕೋತೀಯ?"

"ಹೂಂ ಅಂಕಲ್."

"ಸರಿಹೋಯ್ತು. ಚಿತ್ರಗುಪ್ತ ಹೆಣ್ಣು ಅಂತ ನಮಗೆ ಯಾರೂ ಹೇಳಿರಲಿಲ್ಲ. ಶನಿವಾರ ಮನೆಗೆ ಬಾ. ಮೂರನೇ ಕೈ ಬೇಕು, ಸ್ಕೋರ್ ಬರೆಯೋರೂ ಬೇಕು."

ಅವರ ಮನೆ ಜೆರ್ಸಿ ಸಿಟಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಐವತ್ತನಾಲ್ಕು ಮೆಟ್ಟಿಲು. ಆಂಟಿ ವಾರದ ದಿನಗಳಲ್ಲಿ ಸೀಕಾಕಸ್‌ನ ಒಂದು ಗೋದಾಮಿನಲ್ಲಿ ಸಾಮಾನು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ಎಂಟು ಗಂಟೆಯೂ ನಿಂತೇ ಮಾಡುವ ಕೆಲಸ. ಮಕ್ಕಳಿರಲಿಲ್ಲ. ಶನಿವಾರ ಎರಡು ಗಂಟೆಗೆ ಆಟ ಶುರುವಾದರೆ ಸಂಜೆ ಆರಕ್ಕೆ ಮುಗಿಯುತ್ತಿತ್ತು. ಆಟದಲ್ಲಿ ಅಂಕಲ್, ನಾನು ಮತ್ತು ಅಂಕಲ್ ಹಾಗೆ ಮೈಸೂರಿನವರೇ ಆದ ಒಬ್ಬ ಡಾಕ್ಟರು. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸುವ ಡಾಕ್ಟರು ಅವರು, ವಯಸ್ಸು ಮೂವತ್ತೈದರ ಸುಮಾರು. ಒಂದು ಎಲೆ ಇಳಿಸಲು ಎರಡು ನಿಮಿಷ ಯೋಚಿಸುತ್ತಿದ್ದರು. "ಡಾಕ್ಟ್ರೇ, ಬೇಗ ಇಳಿಸಿ. ನಿಮ್ಮ ಜೊತೆ ಕೂತ್ರೆ ನಮಗೂ ಮತ್ತು ಬರತ್ತೆ," ಎಂದು ಅಂಕಲ್ ಪ್ರತಿ ವಾರ ಹೇಳುತ್ತಿದ್ದರು. ಡಾಕ್ಟರು ಪ್ರತಿ ವಾರ ನಗುತ್ತಿದ್ದರು. ಸೋತವರು ಪಾತ್ರೆ ತೊಳೆಯಬೇಕು, ಅಷ್ಟೇ ಪಣ.

ಅಂಕಲ್ ಎಲೆ ಜೋಡಿಸುವ ರೀತಿಯೇ ಬೇರೆ. ಹದಿಮೂರು ಎಲೆಗಳನ್ನೂ ಸೆಟ್‌ಸ್ಕ್ವೇರ್ ಇಟ್ಟು ಅಳೆದ ಹಾಗೆ ಒಂದೇ ಅಂತರದಲ್ಲಿ ಬಿಡಿಸಿ ಹಿಡಿಯುತ್ತಿದ್ದರು. ಬೆರಳ ಗಿಣ್ಣುಗಳು ಊದಿರುತ್ತಿದ್ದವು. ಅಮೆರಿಕಕ್ಕೆ ಬರುವ ಮುಂಚಿನಿಂದಲೂ ಅವರಿಗೆ ಕೀಲುನೋವು. ಪೆನ್ಸಿಲನ್ನು ತೋರುಬೆರಳಿನ ಬದಲು ನಡುಬೆರಳಿಗೆ ಒರಗಿಸಿ ಹಿಡಿದು ಗೆರೆ ಎಳೆಯುತ್ತಿದ್ದರು. ಅವರ ಗೆರೆ ನಡುಗಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಯಾರಾದರೂ ನೋವು ಹೇಗಿದೆ ಎಂದು ಕೇಳಿದರೆ, "ಆಫೀಸಿಗೆ ಅದೂ ನಾನೂ ಒಟ್ಟಿಗೇ ಹೋಗಿ ಬರ್ತೀವಿ," ಎನ್ನುತ್ತಿದ್ದರು. ಪ್ರಶ್ನೆ ಅಲ್ಲಿಗೆ ನಿಲ್ಲದಿದ್ದರೆ ಅವರಿಗೆ ಕಷ್ಟ. ಕನ್ನಡದವರು ನಾಲ್ಕು ಜನ ಸೇರಿದರೆ ಐದು ಔಷಧಿ ಹೇಳುತ್ತಿದ್ದರು: ಹರಳೆಣ್ಣೆ, ಮೆಂತ್ಯದ ನೀರು, ಉಷ್ಣದ ಪದಾರ್ಥ ಬಿಡಿ, ಶೀತದ ಪದಾರ್ಥ ಬಿಡಿ. ಅವರು ಎಲ್ಲದಕ್ಕೂ ಆಗಲಿ ಆಗಲಿ ಎಂದು ತಲೆಯಾಡಿಸಿ, ಕಾಫಿಗೆ ಇನ್ನೊಂದು ಚಮಚ ಡಿಕಾಕ್ಷನ್ ಹಾಕಿಕೊಳ್ಳುತ್ತಿದ್ದರು.

ನವೆಂಬರ್ ೬, ೧೯೭೧. ಅಂದು ಅವರು ಬಂದು ಕೂತಾಗ ಎಡಗಿವಿ ಕೆಂಪಗಿತ್ತು. ಅವರು ಬಿಳಿ ಮೈಬಣ್ಣದವರು, ಎದ್ದು ಕಾಣುತ್ತಿತ್ತು. ಅಂದು ಎಲ್ಲ ಆಟಗಳನ್ನೂ ಅವರೇ ಗೆದ್ದರು. ಪಾತ್ರೆ ತೊಳೆಯುವಾಗ ಡಾಕ್ಟರು ನನ್ನ ಪಕ್ಕ ಬಂದು ಪಿಸುಗುಟ್ಟಿದರು: "ಗಮನಿಸಿದ್ಯಾ? ಎಲೆ ಚೆನ್ನಾಗಿ ಬಂದ್ರೆ ಅವರ ಕಿವಿ ಹೇಳತ್ತೆ. ಮುಖ ಬಿಗಿ ಹಿಡೀಬಹುದು, ಕಿವಿ ಹಿಡಿಯೋಕಾಗಲ್ಲ. ಕೆಂಪಾಗಿದ್ರೆ ಡ್ರಾಪ್ ಮಾಡಿಬಿಡು."

ರಮ್ಮಿಯಲ್ಲಿ ಡ್ರಾಪ್ ಎಂದರೆ ಎಲೆಗಳನ್ನು ಬೋರಲಾಗಿ ಕೆಳಗಿಟ್ಟು ಆ ಆಟದಿಂದ ಹಿಂದೆ ಸರಿಯುವುದು. ಎದುರಿನವರ ಕೈ ತಯಾರಾಗಿದೆ ಎಂದು ಅನುಮಾನ ಬಂದರೆ ದೊಡ್ಡ ಸೋಲಿನ ಬದಲು ಸಣ್ಣ ಸೋಲನ್ನು ಒಪ್ಪಿಕೊಳ್ಳುವ ಉಪಾಯ. ಎದುರಿನವರೆಲ್ಲ ಡ್ರಾಪ್ ಮಾಡಿದರೆ ಉಳಿದೊಬ್ಬರು ಗೆದ್ದ ಹಾಗೆ, ಅವರು ಎಲೆ ತೋರಿಸಬೇಕಿಲ್ಲ.

ನನಗೆ ಅದೊಂದು ಒಳ್ಳೆಯ ಲೆಕ್ಕವಾಗಿ ಕಂಡಿತು. ಕೆಂಪು ಪೆನ್ಸಿಲ್ ತಂದೆ. ಕಿವಿ ಕೆಂಪಾದ ದಿನ ಪುಟದ ಅಂಚಿನಲ್ಲಿ ಕಿವಿ ಬರೆದು, ಕೆಂಪು ಎಲ್ಲಿದೆಯೋ ಅಲ್ಲಿ ಮಾತ್ರ ಬಣ್ಣ ಹಚ್ಚಿದೆ. ಎಡವೋ ಬಲವೋ ಎಂದೂ ಗುರುತು ಹಾಕಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಅಭ್ಯಾಸ. ಸ್ಕೋರ್ ಬರೆಯುವವಳು ಎದುರಿಗೆ ಕೂತು ಏನು ಗೀಚಿದರೂ ಯಾರಿಗೂ ಅನುಮಾನ ಬರಲಿಲ್ಲ.

ಮುಂದಿನ ಸೆಪ್ಟೆಂಬರಿನ ಹೊತ್ತಿಗೆ ನನ್ನ ಲೆಕ್ಕ ಹೀಗಿತ್ತು. ಆಡಿದ ಶನಿವಾರ ಮೂವತ್ತೇಳು. ಕೆಂಪು ಶನಿವಾರ ಎಂಟು, ಅದರಲ್ಲಿ ಅಂಕಲ್ ಗೆದ್ದದ್ದು ಏಳು. ಕೆಂಪಿಲ್ಲದ ಶನಿವಾರ ಇಪ್ಪತ್ತೊಂಬತ್ತು, ಗೆದ್ದದ್ದು ಆರು. ಸಂಖ್ಯಾಶಾಸ್ತ್ರದ ಯಾವ ಮೇಷ್ಟ್ರಿಗೆ ತೋರಿಸಿದರೂ ಬೆನ್ನು ತಟ್ಟುವಂಥ ಪುರಾವೆ ಎಂದುಕೊಂಡಿದ್ದೆ.

ಆ ವರ್ಷ ಬೇರೆ ಸಂಗತಿಗಳೂ ನಡೆದವು. ಫೆಬ್ರವರಿಯಲ್ಲಿ ಅಂಕಲ್ ಗಂಟಲು ಕೂತಿತು. ಶೀತ ಎಂದರು. ಶೀತ ಹೋದರೂ ಧ್ವನಿ ಪೂರ್ತಿ ಮರಳಲಿಲ್ಲ, ಸ್ಟೇಷನ್ ಸರಿಯಾಗಿ ಕೂಡದ ರೇಡಿಯೊದಂತೆ ಗೊರಗೊರ ಎನ್ನುತ್ತಿತ್ತು. ಮೇ ತಿಂಗಳಲ್ಲಿ ಕಣ್ಣು ಕೆಂಪಾಗಿ ನೋವು ಬಂತು. ಆಗಸ್ಟಿನಲ್ಲಿ ಆಂಟಿ ಗೋದಾಮಿನಲ್ಲಿ ತಲೆ ಸುತ್ತಿ ನೆಲದ ಮೇಲೆ ಕೂತುಬಿಟ್ಟರು. ಅವರೇ ಅದನ್ನು ನಗುತ್ತಾ ಹೇಳಿದರು: "ಡಬ್ಬಗಳ ಮಧ್ಯೆ ಕೂತಿದ್ದೆ. ಸೂಪರ್‌ವೈಸರು ನನಗೂ ಲೇಬಲ್ ಅಂಟಿಸ್ತಿದ್ದ, ಸದ್ಯ ಅಷ್ಟರಲ್ಲಿ ಎದ್ದೆ." ಎಲ್ಲರೂ ನಕ್ಕೆವು. ಅಂಕಲ್ ನಗಲಿಲ್ಲ.

ಸೆಪ್ಟೆಂಬರ್ ೧೬ರಂದು ನಾಲ್ಕನೆಯ ಕೈ ಬಂತು. ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದಿದ್ದ ಧಾರವಾಡದವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಂದು ಅಂಕಲ್ ಎರಡೂ ಕಿವಿ ಕೆಂಪಾಗಿದ್ದವು. ಎಲೆ ಹಂಚಿದ ಕೂಡಲೇ ಡಾಕ್ಟರು ಡ್ರಾಪ್ ಎಂದರು. ನಾನೂ ಡ್ರಾಪ್ ಎಂದೆ. ಧಾರವಾಡದವನಿಗೆ ನಮ್ಮ ಗುಟ್ಟು ತಿಳಿಯದು.

"ಯಾಕ್ರೀ, ಎಲ್ಲಾರೂ ಒಮ್ಮೆಲೆ ಓಡಿ ಹೊಂಟ್ರಿ? ನಾ ಆಡಾಂವ ನೋಡ್ರಿ," ಎಂದು ಆಡಿದ. ಆರನೆಯ ಸುತ್ತಿನಲ್ಲಿ ಎಲೆಗಳೆಲ್ಲ ಕೂಡಿ, ಬಿಚ್ಚಿಟ್ಟು ಶೋ ಮಾಡಿದ. ಅಂಕಲ್ ಎಲೆ ಬಿಚ್ಚಿಡಬೇಕಾಯಿತು. ನಾನು ಸ್ಕೋರ್ ಕೂಡಲು ಬಗ್ಗಿ ನೋಡಿದೆ. ಸಾಲಾಗಿ ಕೂಡಿದ ಒಂದು ಸೀಕ್ವೆನ್ಸೂ ಇರಲಿಲ್ಲ. ರಾಜ, ರಾಣಿ, ಎಕ್ಕಗಳೆಲ್ಲ ಬಿಡಿಬಿಡಿ. ನಮ್ಮ ಮೂವತ್ತೇಳು ಶನಿವಾರಗಳಲ್ಲಿ ಅಷ್ಟು ಕೆಟ್ಟ ಕೈ ನಾನು ಬರೆದಿರಲಿಲ್ಲ.

ಅಂಕಲ್ ನೀರು ಕುಡಿದು ಬರುತ್ತೇನೆಂದು ಎದ್ದರು. ಸ್ವಲ್ಪ ಹೊತ್ತಿನ ನಂತರ ನಾನು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಆಂಟಿ ಬಟ್ಟೆ ಒಗೆಯಲು ಕೆಳಗೆ ಬೇಸ್‌ಮೆಂಟಿಗೆ ಹೋಗಿದ್ದರು. ಅಂಕಲ್ ಸಿಂಕಿನ ಮುಂದೆ ನಿಂತು, ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಚೊಂಬನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು.

"ಉರಿ ಇದೆಯಾ ಅಂಕಲ್?"

"ಮುಟ್ಟಿ ನೋಡು. ದೋಸೆ ಹುಯ್ಯಬಹುದು."

ಮುಟ್ಟಿದೆ. ಈಗಷ್ಟೇ ಇಸ್ತ್ರಿ ಮಾಡಿದ ಕಾಲರಿನಷ್ಟು ಬಿಸಿ. ಬೆರಳು ತಾಗಿದ್ದೇ ಅವರು ತಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಎಲೆ ಚೆನ್ನಾಗಿ ಬಂದ್ರೆ ಕೆಂಪಾಗತ್ತೆ ಅಂತ..." ಎಂದು ನಾನು ಅರ್ಧಕ್ಕೆ ನಿಲ್ಲಿಸಿದೆ.

"ಯಾರು ಹೇಳಿದ್ದು, ಡಾಕ್ಟ್ರಾ?" ಆ ಗೊರಗೊರ ಧ್ವನಿಯಲ್ಲೇ ನಕ್ಕರು. "ಎರಡನೇ ವಾರವೇ ಗೊತ್ತಾಯ್ತಮ್ಮ, ನೀವಿಬ್ರೂ ನನ್ನ ಮುಖ ನೋಡ್ತಿಲ್ಲ, ಕಿವಿ ನೋಡ್ತಿದೀರ ಅಂತ. ಈ ದರಿದ್ರದಿಂದ ಒಂದು ಉಪಯೋಗವಾದ್ರೂ ಆಗಲಿ ಅಂತ ಸುಮ್ಮನಿದ್ದೆ. ನೀವು ಡ್ರಾಪ್ ಮಾಡಿದಾಗೆಲ್ಲ ನನ್ನ ಕೈಲಿ ಬರೀ ಕಸ."

ನನ್ನ ಪುರಾವೆ ಅಲ್ಲಿಗೆ ಮುಗಿಯಿತು. ಮೊದಲ ಕೆಂಪು ಶನಿವಾರದ ಗೆಲುವು ಆಕಸ್ಮಿಕ. ಆಮೇಲೆ ಅವರ ಕಿವಿ ಕೆಂಪಾದಾಗ ಅವರು ಗೆದ್ದದ್ದು ನಾವು ಓಡಿಹೋದದ್ದರಿಂದ. ನಾವು ಓಡಿಹೋದದ್ದು ಅವರ ಕಿವಿ ಕೆಂಪಾದದ್ದರಿಂದ. ಎಲೆಗೂ ಕಿವಿಗೂ ಯಾವ ಸಂಬಂಧವೂ ಇರಲಿಲ್ಲ.

"ಹಾಗಾದ್ರೆ ಇದು ಏನು ಅಂಕಲ್?"

"ಯಾರು ಕೇಳ್ತಾರೋ ಅದರ ಮೇಲೆ. ನಿಮ್ಮ ಆಂಟಿಗೆ ಚಳಿಗಾಲದಲ್ಲಿ ಬಸ್ ಸ್ಟಾಪಿನ ಗಾಳಿ, ಆಮೇಲೆ ಕನ್ನಡಕದ ಕಡ್ಡಿ ಒತ್ತಿದ್ದು, ಜುಲೈನಲ್ಲಿ ಪಾರ್ಕಿನ ಬಿಸಿಲು. ಆಫೀಸಲ್ಲಿ ಕೇಳಿದ್ರೆ ದಿನವೆಲ್ಲ ಫೋನು. ಬಾಸ್ ಕೇಳಿದ್ರೆ ಬ್ಲಡ್ ಪ್ರೆಷರ್, ಅವನಿಗೆ ಸ್ವಲ್ಪ ಹೆದರಿಕೆ ಇರಲಿ ಅಂತ. ಎಲ್ಲಾರಿಗೂ ಒಂದೊಂದು ಕಾರಣ ಕೊಟ್ಟಿದೀನಿ. ನನಗೆ ಮಾತ್ರ ಒಂದೂ ಉಳಿದಿಲ್ಲ."

ಮೊದಲ ಸಲ ಬಂದಾಗ ಆಫೀಸಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದರಂತೆ. ಅಲ್ಲಿನ ಡಾಕ್ಟರು ಗಂಡಸಿನ ಕಿವಿಯಲ್ಲಿ ತೂತು ಕಂಡು, ಇದೇ ಸೋಂಕಿಗೆ ಕಾರಣ, ಯಾವಾಗ ಚುಚ್ಚಿಸಿಕೊಂಡಿರಿ ಎಂದರಂತೆ. "ಹನ್ನೊಂದನೇ ತಿಂಗಳಲ್ಲಿ ಅಂದೆ. ಇನ್ನೂ ನವೆಂಬರ್ ಮೊದಲನೇ ವಾರ, ಅಷ್ಟು ಬೇಗ ಸೋಂಕಾಯ್ತಾ ಅಂದ. ನನ್ನ ಹನ್ನೊಂದನೇ ತಿಂಗಳು ಕಣಯ್ಯಾ, ತೊಟ್ಟಿಲಲ್ಲಿದ್ದಾಗ ಅಂತ ಬಿಡಿಸಿ ಹೇಳೋಷ್ಟರಲ್ಲಿ ಮಾತ್ರೆ ಬರೆದಾಗಿತ್ತು." ಹತ್ತು ದಿನಕ್ಕೆ ಮಾತ್ರೆಯೂ ಮುಗಿದಿತ್ತು, ಕೆಂಪೂ ಹೋಗಿತ್ತು. ಮಾತ್ರೆಯಿಂದಲೇ ಹೋಯಿತೆಂದು ನಂಬಿದ್ದರು.

ಕೆಳಗಿನಿಂದ ಮೆಟ್ಟಿಲ ಸದ್ದು ಕೇಳಿಸಿತು. ಅವರು ಚೊಂಬನ್ನು ಇಟ್ಟು ಬೇಗ ಬೇಗ ಹೇಳಿದರು: "ಅವಳಿಗೆ ಹೇಳಬೇಡ. ಕೀಲಿಗೆ ಅಂತ ಶನಿವಾರ ಒಪ್ಪತ್ತು ಹಿಡಿದಿದಾಳೆ. ಗಂಟಲು ಕೂತಾಗ ಗುರುವಾರ ಹಿಡಿದಳು. ಕಣ್ಣು ಬಂದಾಗ ಸೋಮವಾರ. ವಾರದಲ್ಲಿ ಅವಳಿಗೆ ನಾಲ್ಕೇ ರಾತ್ರಿ ಊಟ ಉಳಿದಿರೋದು. ಕಿವಿ ವಿಷಯ ಗೊತ್ತಾದ್ರೆ ಇನ್ನೊಂದು ದಿನ ಹೋಗತ್ತೆ. ಗೋದಾಮಲ್ಲಿ ಆವತ್ತು ಬಿದ್ದಿದ್ದು ಯಾಕೆ ಅಂತ ನಿನಗೆ ಗೊತ್ತಾಗಲಿಲ್ವಾ?"

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ಶನಿವಾರವೂ ಕೆಂಪು ಇಳಿದಿರಲಿಲ್ಲ. ಅದರ ಮುಂದಿನ ಶನಿವಾರ, ಸೆಪ್ಟೆಂಬರ್ ೩೦ರಂದು, ನಾನು ಹೋದಾಗ ಅವರು ಹಾಲಿನ ಡಬ್ಬಿ ಹಿಡಿದುಕೊಂಡು ಕಟ್ಟಡದ ಬಾಗಿಲಲ್ಲೇ ಸಿಕ್ಕರು. ಒಟ್ಟಿಗೆ ಮೆಟ್ಟಿಲು ಹತ್ತಿದೆವು. ಮೊದಲ ತಿರುವಿನಲ್ಲಿ ನಿಂತು ಬಾಗಿಲ ಮೇಲಿನ ಹೆಸರನ್ನು ಓದಿದರು. ಎರಡನೆಯದರಲ್ಲೂ ಓದಿದರು. ಮೂರನೆಯದರಲ್ಲಿ ಹೆಸರಿರಲಿಲ್ಲ, ಆದರೂ ನಿಂತರು. ಉಸಿರು ಒಳಗೆ ಹೋಗುವಾಗ ಸೀಟಿಯಂಥ ಸದ್ದು ಬರುತ್ತಿತ್ತು. ಐವತ್ತನಾಲ್ಕರಲ್ಲಿ ಇನ್ನೂ ಹದಿನೆಂಟು ಮೆಟ್ಟಿಲು ಬಾಕಿ.

"ಅಂಕಲ್, ನಾನು ಯಾರಿಗೂ ಹೇಳಿಲ್ಲ," ಎಂದೆ. "ಆದರೆ ಬರೆದಾಗಿದೆ."

ಚೀಲದಿಂದ ಪುಸ್ತಕ ತೆಗೆದುಕೊಟ್ಟೆ. ಅದನ್ನು ಕೊಡುವಾಗ ನನ್ನ ಕಿವಿಯೂ ಬಿಸಿಯಾಗಿತ್ತು. ಒಂದು ವರ್ಷ ಒಬ್ಬರ ಮನೆಯಲ್ಲಿ ಉಂಡು, ಅವರ ಮೈಯನ್ನು ಮೋಜಿಗೆ ಗುರುತು ಹಾಕಿಕೊಂಡ ಪುಸ್ತಕ ಅದು. ಅವರು ಮೆಟ್ಟಿಲ ಮೇಲೆ ಕೂತು ಒಂದೊಂದೇ ಪುಟ ತಿರುವಿದರು. ಬೈಯುತ್ತಾರೆಂದು ಕಾದೆ.

"ನಮ್ಮ ಆಫೀಸಲ್ಲೂ ಇಷ್ಟು ನೀಟಾಗಿ ಬರೆಯಲ್ಲ," ಎಂದರು. ಆಮೇಲೆ ಒಂದು ಚಿತ್ರದ ಮೇಲೆ ಬೆರಳಿಟ್ಟರು. "ಎಲ್ಲಾದ್ರಲ್ಲೂ ಕೆಳಗಡೆ ಬಣ್ಣ ಬಿಟ್ಟಿದೀಯಲ್ಲ, ಯಾಕೆ?"

ಓಲೆ ಚುಚ್ಚುವ ಮೆತ್ತನೆಯ ಭಾಗ ಅದು. "ಅಲ್ಲಿ ಯಾವತ್ತೂ ಕೆಂಪಿರಲಿಲ್ಲ ಅಂಕಲ್," ಎಂದೆ.

ಅಂದು ಆಟ ನಡೆಯಲಿಲ್ಲ. ಡಾಕ್ಟರು ಬಂದಾಗ ಅವರನ್ನು ಮೆಟ್ಟಿಲ ಬಳಿಯೇ ತಡೆದು ಪುಸ್ತಕ ತೋರಿಸಿದೆವು. ಅವರು ಅಲ್ಲೇ ನಿಂತು ಪುಟ ಪುಟವಾಗಿ ಓದಿದರು. "ಒಂದು ವರ್ಷ," ಎಂದರು ಕೊನೆಗೆ. "ಎರಡು ಅಡಿ ದೂರದಲ್ಲಿ ಕೂತಿದ್ದೆ. ನಾನೊಬ್ಬ ಡಾಕ್ಟರು." ಅಂಕಲ್ ಅವರ ಭುಜ ತಟ್ಟಿ, "ಹೋಗಲಿ ಬಿಡಿ. ನೀವು ಮತ್ತು ಕೊಡೋರು, ಎಚ್ಚರ ಮಾಡೋರಲ್ಲ," ಎಂದರು.

ಅಕ್ಟೋಬರ್ ೪, ಬುಧವಾರ, ಡಾಕ್ಟರ ಆಸ್ಪತ್ರೆಯಲ್ಲಿ ಕೀಲುಗಳ ತಜ್ಞರೊಬ್ಬರ ಬಳಿ ಹೋದೆವು. ಚಿತ್ರಗುಪ್ತ ಇಲ್ಲದೆ ವಿಚಾರಣೆ ನಡೆಯುವುದಿಲ್ಲವೆಂದು ಅಂಕಲ್ ನನ್ನನ್ನೂ ಕರೆದೊಯ್ದರು. ತಜ್ಞರು ವಯಸ್ಸಾದವರು. ಸ್ಕೋರ್ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಒಂದೊಂದೇ ಕಾರಣವನ್ನು ತೆಗೆದುಹಾಕುತ್ತಾ ಹೋದರು. ಕಿವಿ ಕೆಂಪಾಗಲು ಹತ್ತಾರು ಕಾರಣ, ಹೆಚ್ಚಿನವು ನಿರಪಾಯ ಎಂದು ಮೊದಲೇ ಹೇಳಿದರು. ಜುಲೈನಲ್ಲೂ ಬಂದಿದೆ, ಹಾಗಾಗಿ ಚಳಿಯಲ್ಲ. ಫೆಬ್ರವರಿಯಲ್ಲೂ ಬಂದಿದೆ, ಹಾಗಾಗಿ ಬಿಸಿಲಲ್ಲ. ಒಮ್ಮೆ ಎಡ, ಒಮ್ಮೆ ಬಲ, ಒಮ್ಮೆ ಎರಡೂ. ಕನ್ನಡಕವಾಗಲಿ ಫೋನಾಗಲಿ ಹಾಗೆ ಮಾಡಲಾರವು. ಆಫೀಸಿನ ಗೆಳೆಯನ ಮಾತು ಕೇಳಿ ಅಂಕಲ್ ಕೀಲುನೋವಿಗೆಂದು ಒಂದು ವಿಟಮಿನ್ ಮಾತ್ರೆ ನುಂಗುತ್ತಿದ್ದರು. ಅದರಿಂದ ಮುಖವೆಲ್ಲ ಕೆಂಪಾದರೂ ಗಂಟೆಯೊಳಗೆ ಇಳಿಯಬೇಕು, ಎರಡು ಶನಿವಾರ ಉಳಿಯುವುದಿಲ್ಲ. ಸೋಂಕಾಗಿದ್ದರೆ ಕೆಳಗಿನ ಮೆತ್ತನೆಯ ಭಾಗವನ್ನು ಬಿಡುತ್ತಿರಲಿಲ್ಲ. ಆ ಭಾಗದಲ್ಲಿ ಮಾತ್ರ ಎಳೆ ಎಲುಬಿಲ್ಲ, ಡಾಕ್ಟರುಗಳು ಕಾರ್ಟಿಲೇಜ್ ಎನ್ನುವುದು. ಎಳೆ ಎಲುಬು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಈ ಉರಿ ಇದೆ: ಕಿವಿಯಲ್ಲಿ, ಕೀಲಿನಲ್ಲಿ, ಉಸಿರಿನ ಕೊಳವೆಯಲ್ಲಿ. ಕಣ್ಣಿಗೂ ಅದರ ನಂಟಿದೆ. ಮೊದಲೆಲ್ಲ ಹನ್ನೆರಡು ಹದಿಮೂರು ವಾರಕ್ಕೊಮ್ಮೆ ಬರುತ್ತಿದ್ದದ್ದು ಈಗ ಏಳು ವಾರಕ್ಕೇ ಬಂದಿದೆ, ಇನ್ನು ಕಾಯುವಂತಿಲ್ಲ ಎಂದರು.

ಕಿವಿಯಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಒಂದು ವಾರಕ್ಕೆ ಹೆಸರೂ ಬಂತು, ಸ್ಟೀರಾಯ್ಡ್ ಮಾತ್ರೆಯೂ ಬಂತು. ಮೈ ತನ್ನ ಎಳೆ ಎಲುಬನ್ನು ತಾನೇ ಸುಡುವ ಕಾಯಿಲೆ. ಹೆಸರು ಎಷ್ಟು ಉದ್ದವಿತ್ತೆಂದರೆ, "ಇದು ನಕ್ಷೆ ಮೂಲೆಯ ಚೌಕದಲ್ಲಿ ಹಿಡಿಸಲ್ಲ," ಎಂದರು ಅಂಕಲ್. ಆಮೇಲೆ ರೈಲಿನಲ್ಲಿ, ಸುರಂಗದ ಸದ್ದಿನ ನಡುವೆ, ನನ್ನ ಕಡೆ ಬಗ್ಗಿ ಕೇಳಿದರು: "ಒಂದೇ ಕಾಯಿಲೆ ಅಂದ್ರು ಅಲ್ವಾ? ಕೀಲು, ಗಂಟಲು, ಕಣ್ಣು, ಕಿವಿ ಎಲ್ಲಾ ಸೇರಿ ಒಂದೇ?"

"ಹೌದು ಅಂಕಲ್."

"ಹಾಗಾದ್ರೆ ಒಂದೇ ಒಪ್ಪತ್ತು ಸಾಕು."

ಕಾಯಿಲೆಯ ಹೆಸರು ತಿಳಿದ ದಿನ ಅವರಿಗೆ ಸಂತೋಷವಾದದ್ದು ಅದೊಂದಕ್ಕೆ.

ಅಕ್ಟೋಬರ್ ೧೪ರ ಶನಿವಾರ ಡಾಕ್ಟರು, ಧಾರವಾಡದವನು, ನಾನು ಮೂವರೂ ಹೋದೆವು. ಆಂಟಿಗೆ ಅಂಕಲ್ ನಮ್ಮ ಮುಂದೆಯೇ ಕಾಯಿಲೆಯ ವಿಷಯ ಹೇಳಿದರು. ಆಂಟಿ ಕೈಯಲ್ಲಿದ್ದ ಅವಲಕ್ಕಿ ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ಕಿವೀದು ಗೊತ್ತಿತ್ತು," ಎಂದರು.

"ಯಾವಾಗಿಂದ?"

"ಹೋದ ನವೆಂಬರಿಂದ. ಎಡಗಡೆ ಮಲಗೋರು ಬಲಗಡೆ ತಿರುಗಿದ್ರಿ. ಗಾಳಿ ಬಡಿದ್ರೆ ಯಾರಾದ್ರೂ ದಿಂಬು ಬದಲಾಯಿಸ್ತಾರಾ? ಕಾರಣ ಕೇಳಿದ್ರೆ ದಿನಕ್ಕೊಂದು ಹೇಳ್ತಿದ್ರಿ. ಹೇಳ್ಕೊಳ್ಳಲಿ ಅಂತ ಸುಮ್ಮನಿದ್ದೆ. ಆವಾಗಿಂದ ಮಂಗಳವಾರ ಹಿಡಿದಿದೀನಿ."

ಮಂಗಳವಾರ ಅಂಕಲ್ ಆಫೀಸಿನಲ್ಲಿ ಓವರ್‌ಟೈಮ್ ಮಾಡಿ, ಅಲ್ಲೇ ತಿಂದು ತಡವಾಗಿ ಬರುತ್ತಿದ್ದರು. ಒಂದು ವರ್ಷದಿಂದ ಅವರು ಯಾವ ದಿನದ ಊಟವನ್ನು ಉಳಿಸಬೇಕೆಂದು ಸುಳ್ಳು ಹೇಳಿದ್ದರೋ ಆ ದಿನ ಮೊದಲೇ ಹೋಗಿತ್ತು. ನನ್ನ ಡೈರಿಯಲ್ಲಿ ನಾಲ್ಕು ರಾತ್ರಿ ಎಂದಿತ್ತು. ಅದನ್ನು ಮೂರು ಎಂದು ತಿದ್ದಿದೆ.

ಅಂಕಲ್ ಕುರ್ಚಿಯನ್ನು ಆಂಟಿಯ ಕಡೆ ತಿರುಗಿಸಿಕೊಂಡರು. "ನೋಡು, ಎಲ್ಲಾ ಒಂದೇ ಕಾಯಿಲೆಯಂತೆ. ಶನಿವಾರ ಒಂದು ಇಟ್ಕೋ. ಮಿಕ್ಕಿದ್ದು ಬಿಡು."

"ಕಾಯಿಲೆ ಒಂದೇ ಇರಬಹುದು. ದೇವರು ನಾಲ್ಕು ಜನ," ಎಂದರು ಆಂಟಿ. "ವೆಂಕಟರಮಣನಿಗೆ ಹೇಳ್ಕೊಂಡಿದೀನಿ, ರಾಯರಿಗೆ ಹೇಳ್ಕೊಂಡಿದೀನಿ, ನಂಜುಂಡೇಶ್ವರನಿಗೆ, ಚಾಮುಂಡಿಗೆ. ಚಾಮುಂಡಿ ಹತ್ರ ಹೋಗಿ, ಡಾಕ್ಟ್ರು ಹೀಗಂದ್ರು, ನಿಂದು ಬೇಡವಂತೆ ಅಂತ ನೀವು ಹೇಳ್ತೀರಾ?"

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಚಾಮುಂಡಿಯ ಹೆಸರು ಕೇಳಿ ಅವಲಕ್ಕಿ ತಟ್ಟೆಗೆ ಕೈ ಹಾಕಿದರು.

ಅಂಕಲ್ ಎಲೆ ಕಟ್ಟನ್ನು ಕೈಗೆ ತೆಗೆದುಕೊಂಡರು. "ಬಾ, ಕೂತ್ಕೋ. ಒಂದೇ ಆಟ. ನಾನು ಗೆದ್ರೆ ಶನಿವಾರ ಮಾತ್ರ. ನೀನು ಗೆದ್ರೆ ನಿನ್ನಿಷ್ಟ, ವಾರವೆಲ್ಲ ಬೇಕಾದ್ರೆ ಉಪವಾಸ ಮಾಡು, ನಾನು ಬಾಯಿ ಬಿಡಲ್ಲ."

ಆಂಟಿ ಎಂದೂ ಆಟಕ್ಕೆ ಕೂತವರಲ್ಲ. ಬೇಡ ಎನ್ನುತ್ತಾರೆಂದು ನಾವೆಲ್ಲ ಅಂದುಕೊಂಡೆವು. ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನ ಕುರ್ಚಿಯಲ್ಲಿ ಕೂತರು. "ನನಗೆ ಬರಲ್ಲ ಅಂದ್ಕೊಂಡ್ರಾ? ಒಂದು ವರ್ಷದಿಂದ ಬಾಗಿಲಲ್ಲಿ ನಿಂತು ನೋಡ್ತಿದೀನಿ."

ನಾನು ಎಲೆ ಹಂಚಿದೆ. ಮಾತ್ರೆ ಶುರುವಾಗಿ ಮೂರೇ ದಿನವಾಗಿತ್ತು. ಅಂಕಲ್ ಕಿವಿಗಳು ಇನ್ನೂ ಕೆಂಪಾಗಿದ್ದವು. ಆಂಟಿ ತಡಮಾಡದೆ ಎಲೆ ಎತ್ತುತ್ತಿದ್ದರು, ತಡಮಾಡದೆ ಇಳಿಸುತ್ತಿದ್ದರು. ಐದು ಸುತ್ತಾಯಿತು. ಆರನೆಯ ಸುತ್ತಿನಲ್ಲಿ ಅವರು ಒಂದು ಎಲೆ ಎತ್ತಿ, ಕೈಯಲ್ಲಿ ಸೇರಿಸಿಕೊಂಡು, ಅಂಕಲ್ ಕಡೆ ನೋಡಿದರು. ಮೊದಲು ಮುಖ ನೋಡಿದರು. ಆಮೇಲೆ ಒಂದು ಕಿವಿ, ಆಮೇಲೆ ಇನ್ನೊಂದು. ಬಹಳ ಹೊತ್ತು ನೋಡಿದರು.

"ಆ ಕಿವಿ ನಂಬಬ್ಯಾಡ್ರಿ ಆಂಟಿ, ನಾ ಹೇಳತೇನಿ ಕೇಳ್ರಿ," ಎಂದ ಧಾರವಾಡದವನು.

ಆಂಟಿ ಎಲೆಗಳನ್ನು ಒಟ್ಟುಗೂಡಿಸಿ ಬೋರಲಾಗಿ ಮೇಜಿನ ಮೇಲಿಟ್ಟರು. "ಡ್ರಾಪ್," ಎಂದರು. "ಸಾಕಪ್ಪ, ಒಲೆ ಮೇಲೆ ಸಾರಿದೆ." ಎದ್ದು ಒಳಗೆ ಹೋದರು.

ಧಾರವಾಡದವನು ಚಪ್ಪಾಳೆ ತಟ್ಟಿದ. ಅಂಕಲ್ ತಮ್ಮ ಎಲೆಗಳನ್ನೂ ಬೋರಲಾಗಿಟ್ಟು ಕೈ ಉಜ್ಜಿಕೊಂಡರು. ಎಲೆ ಎತ್ತಿಡುವುದು ನನ್ನ ಕೆಲಸ. ಎತ್ತುವಾಗ ಎರಡೂ ಕೈಗಳನ್ನು ಮೇಜಿನ ಅಂಚಿನ ಮರೆಯಲ್ಲಿ ತಿರುಗಿಸಿ ನೋಡಿದೆ. ಅಂಕಲ್ ಕೈಯಲ್ಲಿ ಎಂದಿನಂತೆ ಕಸ. ಆಂಟಿಯ ಕೈ ಪೂರ್ತಿ ಕೂಡಿತ್ತು, ಇಳಿಸಬೇಕಾದ ಒಂದನ್ನು ಬಿಟ್ಟರೆ ಯಾವ ಎಲೆಯೂ ಬಿಡಿಯಾಗಿರಲಿಲ್ಲ. ಎತ್ತಿದ ಕೊನೆಯ ಎಲೆ ಸರಿಯಾಗಿ ಸೇರಿತ್ತು. ಶೋ ಎನ್ನುವುದಷ್ಟೇ ಬಾಕಿಯಿತ್ತು.

ಎರಡನ್ನೂ ಕಟ್ಟಿನಲ್ಲಿ ಕಲೆಸಿಬಿಟ್ಟೆ. ಪುಸ್ತಕದಲ್ಲಿ, ಅಂಕಲ್ ಗೆದ್ದರು ಎಂದು ಬರೆದೆ. ನಾನು ತಿಳಿದೂ ತಪ್ಪು ಬರೆದ ಲೆಕ್ಕ ಅದೊಂದೇ. ಇಂದು ತಿದ್ದುತ್ತಿದ್ದೇನೆ. ಆಂಟಿ ಇದನ್ನು ಓದಬಹುದು. ಓದಲಿ.

ಆಂಟಿ ಮಾತು ಉಳಿಸಿಕೊಂಡರು. ಶನಿವಾರ ಒಂದನ್ನಿಟ್ಟುಕೊಂಡು ಮಿಕ್ಕ ಮೂರು ದಿನ ರಾತ್ರಿ ಊಟ ಮಾಡತೊಡಗಿದರು. ನಾಲ್ಕು ದೇವರಿಗೂ ಏನೆಂದು ಒಪ್ಪಿಸಿದರೋ ನನಗೆ ಹೇಳಲಿಲ್ಲ. ಅಂಕಲ್ ಮುಖ ಮಾತ್ರೆಯಿಂದ ದುಂಡಗಾಯಿತು. "ಈಗ ನೋಡು, ನಾಟಕದಲ್ಲಿ ರಾಜನ ಪಾರ್ಟು ಕೇಳಬಹುದು," ಎನ್ನುತ್ತಿದ್ದರು. ಉಸಿರಿನ ಸೀಟಿ ನಿಂತಿತು. ಧ್ವನಿ ಮಾತ್ರ ಹಾಗೇ ಉಳಿಯಿತು. ಕಿವಿಗಳು ಬಿಳುಪಾದವು, ಮೇಲಿನ ಅಂಚು ಒಣಗಿದ ಎಲೆಯಂತೆ ಒಳಕ್ಕೆ ಬಾಗಿತು. ಆಟದಲ್ಲಿ ಅವರು ಸೋಲತೊಡಗಿದರು. ಎಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಾ, "ಕಾಯಿಲೆ ಇದ್ದಾಗ ಎಷ್ಟು ಚೆನ್ನಾಗಿ ಆಡ್ತಿದ್ದೆ," ಎಂದು ಡಾಕ್ಟರ ಕಡೆ ನೋಡಿ ಹೇಳುತ್ತಿದ್ದರು.

ಅವರು ನೆಲಮಹಡಿಯ ಮನೆಗೆ ಬಂದರು. ನನಗೆ ದೂರದ ಊರಿನಲ್ಲಿ ಕೆಲಸವಾಯಿತು. ೧೯೭೫ರಲ್ಲಿ ಹನ್ನೊಂದು ಸಲ ಅವರ ಮನೆಗೆ ಹೋಗಿದ್ದೇನೆ. ೭೬ರಲ್ಲಿ ಆರು ಸಲ. ೭೭ರಲ್ಲಿ ಎರಡು. ಡೈರಿ ಇಡುವವರಿಗೆ ಇದೊಂದು ಶಿಕ್ಷೆ, ಆಗಾಗ ಹೋಗುತ್ತಿದ್ದೆ ಎಂದು ಹೇಳಿಕೊಳ್ಳುವಂತಿಲ್ಲ. ಕೊನೆಯ ಸಲ ಹೊರಟಾಗ ಅವರು ಬಾಗಿಲವರೆಗೆ ಬಂದು, "ಎಷ್ಟು ದಿನಕ್ಕೆ ಬಂದೆ ಅಂತ ಲೆಕ್ಕ ಇಟ್ಟಿದೀಯಾ?" ಎಂದರು. ನೂರ ಮೂವತ್ತು ಎಂದೆ. ಅವರು ಮನಸ್ಸಿನಲ್ಲೇ ಎಣಿಸಿ, "ನೂರ ಮೂವತ್ತೊಂದು. ಆಗಸ್ಟ್‌ಗೆ ಮೂವತ್ತೊಂದು ದಿನ," ಎಂದರು. ಮನೆಗೆ ಬಂದು ನೋಡಿದೆ. ಅವರೇ ಸರಿ.

೭೮ರ ಮಾರ್ಚಿನಲ್ಲಿ ಅವರಿಗೆ ನ್ಯುಮೋನಿಯಾ ಬಂತು, ಆ ಉಸಿರಿನ ಕೊಳವೆ ಅದನ್ನು ತಡೆಯಲಿಲ್ಲ. ಏಪ್ರಿಲ್ ೮ರಂದು ನಾವು ಮೂವರೂ ಆಂಟಿಯನ್ನು ನೋಡಲು ಹೋದೆವು. ಡಾಕ್ಟರ ತಲೆ ನರೆತಿದೆ. ಧಾರವಾಡದವನು ಈಗ ಪಾಠ ಹೇಳುತ್ತಾನೆ. ಮಧ್ಯಾಹ್ನವೆಲ್ಲ ಕೂತೆವು. ಯಾರೂ ಎಲೆಯ ಮಾತು ಎತ್ತಲಿಲ್ಲ. ಕತ್ತಲಾಗಿ ಹೊರಡಲು ಎದ್ದಾಗ ಆಂಟಿ, "ಊಟ ಮಾಡಿಕೊಂಡೇ ಹೋಗಿ," ಎಂದು ತಟ್ಟೆ ಹಾಕಿದರು. ಎಣಿಸಿದೆ. ನಾಲ್ಕು ತಟ್ಟೆ. ಅಭ್ಯಾಸಬಲದಿಂದ ಅಂಕಲ್‌ಗೂ ಹಾಕಿದ್ದಾರೆ ಎಂದುಕೊಂಡೆ. ಆಂಟಿ ನಮಗೆ ಬಡಿಸಿ ನಾಲ್ಕನೆಯ ತಟ್ಟೆಯ ಮುಂದೆ ತಾವೇ ಕೂತರು. ಅನ್ನ ಹಾಕಿಕೊಂಡು ಸಾರು ಬಿಟ್ಟುಕೊಂಡರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಆಂಟಿ, ಇವತ್ತು ಶನಿವಾರ."

"ಗೊತ್ತಮ್ಮ," ಎಂದರು ಅವರು, ಅನ್ನ ಕಲೆಸುತ್ತಾ. "ಇನ್ನು ಯಾರಿಗೆ ಅಂತ ಬಿಡಲಿ?"

ಹಸಿರು ರಟ್ಟಿನ ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಪುಟವಿತ್ತು. ಅಂದು ಮನೆಗೆ ಬಂದು ಅದರಲ್ಲಿ ಒಂದು ಸಾಲು ಬರೆದೆ: ಏಪ್ರಿಲ್ ೮, ೧೯೭೮, ಶನಿವಾರ. ಆಂಟಿ ಎರಡು ಹೊತ್ತೂ ಊಟ ಮಾಡಿದರು.